ಚಟ್ನಿ ಗ್ರೂಪಿಗೆ ಹೋದ ಫೋಟೋ

ಪುರಸೈವಾಕ್ಕಂನಲ್ಲಿರುವ ನಮ್ಮ ಉಡುಪಿ ಹೋಟೆಲಿನ ಅಡುಗೆಮನೆಯನ್ನು ನಾನೇ ನಡೆಸುತ್ತಿದ್ದೇನೆ ಎಂದು ನಂಬಿದ್ದೇನೆ. ಅಡುಗೆಮನೆ ಹಾಗೆ ನಂಬಿಲ್ಲ. ಅಪ್ಪ ಕೂರುವುದು ಬೆಸೆಂಟ್ ನಗರದ ನಮ್ಮ ಇನ್ನೊಂದು ಹೋಟೆಲಿನ ಗಲ್ಲಾದಲ್ಲಿ. ಆದರೂ ಪ್ರತಿದಿನ ಬೆಳಗ್ಗೆ ಚಟ್ನಿ ರುಬ್ಬಿದ ಕೂಡಲೇ ನಾನು ಅದರ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಕು, ಅಪ್ಪ ಬಣ್ಣ ನೋಡಿ ಒಪ್ಪಬೇಕು, ಆಮೇಲೆಯೇ ಬಡಿಸಬೇಕು. ಇದು ನಮ್ಮ ಸಂವಿಧಾನ.

ಈ ಕಥೆ ನಡೆದಾಗ ಅಕ್ಕ ಬಾಣಂತನಕ್ಕೆಂದು ಹೋಟೆಲಿನ ಮೇಲಿರುವ ನಮ್ಮ ಮನೆಗೆ ಬಂದಿದ್ದಳು. ಮಗು ಹುಟ್ಟಿ ತಿಂಗಳಾಗುತ್ತ ಬಂದರೂ ಕಣ್ಣಿನ ಹಳದಿ ಇಳಿದಿರಲಿಲ್ಲ. ಅಮ್ಮ ಮಗುವನ್ನು ಬಾಲ್ಕನಿಯ ಎಳೆಬಿಸಿಲಿಗೆ ಹಿಡಿಯುತ್ತಿದ್ದಳು, ಹಪ್ಪಳ ಒಣಗಿಸುವಷ್ಟೇ ಶ್ರದ್ಧೆಯಿಂದ. ಆ ಬಿಸಿಲಿಗೆ ಸರಿಯಾಗಿ ಅಡ್ಡ ನಿಲ್ಲುವುದು ನನ್ನ ಸೇವೆಯಾಗಿತ್ತು.

ಒಂದು ಬೆಳಿಗ್ಗೆ ಅಕ್ಕ ಡೈಪರ್ ಬಿಚ್ಚಿದವಳು ಹಾಗೇ ಕೂತುಬಿಟ್ಟಳು.

“ಅಮ್ಮ, ಕಕ್ಕಕ್ಕೆ ಬಣ್ಣವೇ ಇಲ್ಲ ನೋಡು. ಉಚ್ಚೆ ಮಾತ್ರ ಕಡು ಹಳದಿ.”

“ಹಾಲು ಕುಡಿಯುವ ಮಗು ಮಾರಾಯ್ತಿ. ಬಿಳಿ ಹೋಗದೆ ಸಾಂಬಾರಿನ ಬಣ್ಣ ಹೋಗ್ತದಾ? ನೀನೂ ಬರೀ ಪಥ್ಯದ ಅನ್ನ ತಿನ್ನೂದು. ಸುಮ್ನೆ ಟೆನ್ಷನ್ ಮಾಡ್ಬೇಡ.”

“ಅಮ್ಮ ಹೇಳಿದ್ರಲ್ಲಿ ಲಾಜಿಕ್ ಉಂಟು,” ಎಂದೆ. ಲಿವರ್ ಎಡಕ್ಕಿದೆಯೋ ಬಲಕ್ಕಿದೆಯೋ ಎನ್ನುವುದೂ ನನಗೆ ಗೊತ್ತಿರಲಿಲ್ಲ.

“ನೀ ಬಾಯಿ ಮುಚ್ಚಾ. ಫೋಟೋ ತೆಗ್ದು ಡಾಕ್ಟ್ರಿಗೆ ಕಳ್ಸು. ಸೀಕ್ರಂ!” ‘ಬೇಗ’ ಎನ್ನಲೂ ಅವಸರದಲ್ಲಿ ಅಕ್ಕನ ಬಾಯಿಗೆ ತಮಿಳೇ ಬರುವುದು.

ತೆಗೆದೆ. ಒಳ್ಳೆಯ ಬೆಳಕಿನಲ್ಲಿ, ತೀರಾ ಹತ್ತಿರದಿಂದ, ಡೈಪರಿನ ಅಂಚೂ ಕಾಣದ ಹಾಗೆ. ಕೆಳಗೆ ಗ್ರೈಂಡರ್ ಗರಗರ ಎನ್ನುತ್ತಿತ್ತು. ಬೆರಳು ದಿನವೂ ಹೋಗುವ ಜಾಗಕ್ಕೇ ಹೋಯಿತು.

ಅಪ್ಪನ ವಾಯ್ಸ್ ಮೆಸೇಜು ಕೂಡಲೇ ಬಂತು. “ಎಂತದಾ ಇದು ಚಟ್ನಿ? ಸುಣ್ಣದ ಹಾಗೆ ಉಂಟು! ಹಸಿಮೆಣಸು ಹಾಕ್ಲಿಕ್ಕೆ ಮರ್ತದ್ದಾ? ಬಡಿಸ್ಬೇಡ ಇದನ್ನ!”

ಅದರ ಹಿಂದೆಯೇ ಅಲ್ಲಿನ ಅಡುಗೆಭಟ್ಟರ ಸಲಹೆ: “ಕಾಯಿ ಎಳತು. ಸ್ವಲ್ಪ ಹುರಿಗಡಲೆ ಸೇರಿಸಿ.”

ನನಗೆ ನಗು ಉಕ್ಕಿತು. ಅಕ್ಕ ನಗಲಿಲ್ಲ. ಫೋನ್ ಕಿತ್ತುಕೊಂಡು ಅಪ್ಪನ ಮಾತನ್ನು ಅಮ್ಮನ ಕಿವಿಯ ಹತ್ತಿರ ಮತ್ತೊಮ್ಮೆ ಕೇಳಿಸಿದಳು. ಜೀವಮಾನವಿಡೀ ಬಣ್ಣ ನೋಡಿ ಅಡುಗೆ ಅಳೆದವರ ಕಣ್ಣಿಗೆ ಅದು ತೆಂಗಿನಕಾಯಿಯಾಗಿ ಕಂಡಿತ್ತು. ಅಮ್ಮ ಮಗುವನ್ನು ಎತ್ತಿಕೊಂಡು ಚಪ್ಪಲಿ ಹುಡುಕತೊಡಗಿದಳು.

ನಾನು ಅಪ್ಪನಿಗೆ ಫೋನ್ ಮಾಡಿದೆ. “ಅಪ್ಪ, ಅದು ಚಟ್ನಿ ಅಲ್ಲ.”

“ಮತ್ತೆಂತ?”

ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿ ಫೋನನ್ನು ಕಿವಿಯಿಂದ ದೂರ ಹಿಡಿದೆ. ಬೈಗುಳ ಬರಲಿಲ್ಲ. “ಈಗ್ಲೇ ಹೊರಡಿ. ನಾ ಆಸ್ಪತ್ರೆಗೇ ಬರ್ತೇನೆ.”

ಪೋರೂರಿನ ಆಸ್ಪತ್ರೆ ತಲುಪುವವರೆಗೆ ನಾನು ಸುಮ್ಮನಿರಲಿಲ್ಲ. ಪ್ರತಿ ಸಿಗ್ನಲ್ಲಿನಲ್ಲೂ ಡ್ರೈವರಿಗೆ ದಾರಿ ಹೇಳಿದೆ, ಎಲ್ಲವೂ ತಪ್ಪು ದಾರಿ. “ತಂಬಿ, ಇದು ಆಟೋ. ಫ್ಲೈಟ್ ಇಲ್ಲೆ,” ಎಂದ ಅವನು.

ಡಾಕ್ಟರ್ ನಾವು ಕಟ್ಟಿಕೊಂಡು ಹೋದ ಡೈಪರ್ ನೋಡಿದರು, ಮಗುವಿನ ಹೊಟ್ಟೆ ಮುಟ್ಟಿದರು. ರಕ್ತ, ಸ್ಕ್ಯಾನು, ಮತ್ತೆ ರಕ್ತ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಹೇಳಿದರು: ಲಿವರಿನಿಂದ ಕರುಳಿಗೆ ಪಿತ್ತ ಇಳಿಯುವ ನಾಳ ಮುಚ್ಚಿಹೋಗಿದೆ. ಮಲಕ್ಕೆ ಬಣ್ಣ ಬರುವುದು ಆ ಪಿತ್ತದಿಂದ. ಅದು ಒಳಗೇ ನಿಂತರೆ ಲಿವರ್ ಕೆಡುತ್ತದೆ. ಬೇಗ ಆಪರೇಷನ್ ಆಗಬೇಕು, ಬಿಸಿಲಿನಿಂದ ವಾಸಿಯಾಗುವ ಹಳದಿಯಲ್ಲ ಇದು. ಅಮ್ಮ ನೆಲ ನೋಡುತ್ತಿದ್ದಳು.

ಕರುಳನ್ನೇ ಲಿವರಿಗೆ ಜೋಡಿಸುವ ಆಪರೇಷನ್ ಅದು. ಹೊರಗೆ ಅಪ್ಪ ಬೆಂಚು ಬಿಟ್ಟು ಏಳಲಿಲ್ಲ, ನಾನು ಬೆಂಚಿನ ಮೇಲೆ ಕೂರಲಿಲ್ಲ. ಕಾರಿಡಾರಿನ ಗ್ರಾನೈಟ್ ಸವೆಯುವಷ್ಟು ನಡೆದೆ. ದಾರಿ ತಪ್ಪಿ ಬೇರೆ ವಾರ್ಡಿಗೆ ನುಗ್ಗಿ, ಯಾರದೋ ಹರ್ನಿಯಾಕ್ಕೆ ನಮ್ಮ ಮೂಸಂಬಿಗಳನ್ನು ಕೊಟ್ಟು, ಧೈರ್ಯವನ್ನೂ ಹೇಳಿ ಬಂದೆ. ಅವರು ನನಗಿಂತ ಧೈರ್ಯವಾಗಿದ್ದರು.

ಆಪರೇಷನ್ ಆಯಿತು. ಆದರೆ ಪಿತ್ತ ಇಳಿಯುತ್ತಿದೆಯೇ ಎಂದು ತಿಳಿಯಲು ಕಾಯಬೇಕಿತ್ತು. ಕೆಲವು ದಿನಗಳ ಮೇಲೆ ಒಂದು ಡೈಪರಿನ ಸುತ್ತ ಎಲ್ಲರೂ ಬಗ್ಗಿದೆವು.

“ಅಮ್ಮ, ಹಳದಿ ಉಂಟಲ್ವಾ? ಹೇಳು,” ಎಂದಳು ಅಕ್ಕ.

“ನಾ ಹೇಳೂದಿಲ್ಲ ಮಗಳೇ,” ಎಂದಳು ಅಮ್ಮ, ಮುಖ ಆಚೆ ತಿರುಗಿಸಿ. “ನನ್ನನ್ನು ಕೇಳ್ಬೇಡ.”

ನರ್ಸ್ ಬಂದು ನೋಡಿ, “ಕಲರ್ ವಂದಿರುಚ್ಚು ಮಾ!” ಎಂದು, ಬಣ್ಣ ಬಂದಿದೆಯೆಂದು, ಕೂಗಿದಾಗಲೇ ಅಮ್ಮ ಈಚೆ ತಿರುಗಿದ್ದು.

ಒಳ್ಳೆಯ ಲಕ್ಷಣ, ಆದರೆ ಲಿವರ್ ಚೇತರಿಸಿಕೊಂಡಿತೇ ಎನ್ನಲು ಇನ್ನೂ ತಿಂಗಳುಗಳು ಬೇಕು ಎಂದರು ಡಾಕ್ಟರ್. ಜಿಡ್ಡು ಸುಲಭವಾಗಿ ಜೀರ್ಣವಾಗದ ಕಾರಣ ಬೇರೆ ಬಗೆಯ ಹಾಲಿನ ಪುಡಿ, ವಿಟಮಿನ್ ಹನಿಗಳು. ಜ್ವರ ಬಂದರೆ, ಮಲ ಮತ್ತೆ ಬಿಳಿಚಿದರೆ ಕೂಡಲೇ ಬರಬೇಕು.

ಈಗ ಬೆಳಗಾದರೆ ಅಕ್ಕ ಡೈಪರ್ ಹಿಡಿದುಕೊಂಡು ಬಂದು ನನ್ನನ್ನು ಅಲುಗಾಡಿಸಿ ಎಬ್ಬಿಸುತ್ತಾಳೆ.

“ಬಾರಾ, ನೋಡು. ನಿನ್ನೆಗಿಂತ ಬಣ್ಣ ಮಬ್ಬಾಯ್ತಾ?”

ಕಣ್ಣುಜ್ಜಿಕೊಂಡು ಕಿಟಕಿಯ ಹತ್ತಿರ ಹೋಗಿ ನೋಡುತ್ತೇನೆ. “ಇಲ್ಲ ಅಕ್ಕ, ಹಾಗೇ ಉಂಟು.”

“ಸರೀ ನೋಡಾ.”

ಮತ್ತೆ ನೋಡುತ್ತೇನೆ.