ಆಟಿ ತಿಂಗಳ ಮದುವೆ ಸೀರೆ

ಸೊಸೆ ಈಗಷ್ಟೇ ಹೊಸ ಸೀರೆಯ ಕಟ್ಟು ಬಿಚ್ಚಿದಳು. ಗಂಜಿ ಹಾಕಿದ ಬಟ್ಟೆಯ ವಾಸನೆ ಜಗಲಿಯವರೆಗೂ ಬಂತು. ಆ ವಾಸನೆಗೆ ನಿಮಗೆ ಹಬ್ಬವೋ ಮದುವೆಯೋ ನೆನಪಾಗಬಹುದು. ನನಗೆ ಕಾಲು ನೋಯುತ್ತದೆ. ನಗಬೇಡಿ, ನಿಜವಾಗಿಯೂ ನೋಯುತ್ತದೆ. ಪ್ರಾಯದಲ್ಲಿ, ಸಾವಿರದ ಒಂಬೈನೂರ ಅರುವತ್ತನೇ ಇಸವಿಯ ಆಚೀಚೆ, ನಾನು ಮೂಡುಬಿದಿರೆಯ ಒಂದು ಜವಳಿ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸಕ್ಕಿದ್ದೆ. ಗಿರಾಕಿ ಇರಲಿ ಬಿಡಲಿ, ಕೆಲಸದವರು ಕೂರುವಂತಿರಲಿಲ್ಲ. ಕೂತವನನ್ನು ಕಂಡರೆ ಗಿರಾಕಿ ಮೆಟ್ಟಿಲು ಹತ್ತುವುದಿಲ್ಲ ಎಂದು ನಮ್ಮ ಧನಿಗಳ ನಂಬಿಕೆ. ಅವರು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಗಾದಿ ಬಿಟ್ಟು ಏಳುತ್ತಿರಲಿಲ್ಲ.

ಆ ಕೆಲಸದ ಕಷ್ಟ ಸೀರೆ ಬಿಡಿಸುವುದರಲ್ಲಿಲ್ಲ, ಮಡಚುವುದರಲ್ಲಿದೆ. ಬಿಡಿಸುವಾಗ ಎದುರಿಗೆ ಗಿರಾಕಿ ಇರುತ್ತಾರೆ, ಆಸೆ ಇರುತ್ತದೆ. ಮಡಚುವಾಗ ಇರುವುದು ಧನಿಗಳ ಕಣ್ಣು ಮಾತ್ರ. "ಕೆಂಪೇ ಬೇಕು, ಆದರೆ ಇಷ್ಟು ಕೆಂಪು ಬೇಡ" ಎನ್ನುವವರು, ಅಂಗಡಿಯ ಅರ್ಧ ಸೀರೆ ಮೇಜಿನ ಮೇಲೆ ಬಿದ್ದ ಮೇಲೆ "ಯಜಮಾನರನ್ನು ಕೇಳಿ ಬರ್ತೇನೆ" ಎಂದು ಇಳಿದುಹೋಗುವವರು, ಮಳೆ ನಿಲ್ಲುವವರೆಗೆ ಪೊರ್ತು ಕಳೆಯಲು ಸೆರಗು ಸವರುವವರು. ಎಲ್ಲರಿಗೂ ನಗುತ್ತಲೇ ತೋರಿಸಬೇಕು. ಆ ನಗು ನನ್ನ ಮುಖಕ್ಕೆ ಎಷ್ಟು ಅಂಟಿಕೊಂಡಿತ್ತೆಂದರೆ, ಸಾವಿನ ಮನೆಗೆ ಹೋದಾಗ ಹೆಗಲ ಮೇಲಿನ ಬೈರಾಸು ಬಾಯಿಗೆ ಅಡ್ಡ ಹಿಡಿದುಕೊಳ್ಳುತ್ತಿದ್ದೆ. ಗಿರಾಕಿ ಬರಿಗೈಯಲ್ಲಿ ಇಳಿದರೆ ಧನಿಗಳು ಹೇಳುತ್ತಿದ್ದುದು ಒಂದೇ ಮಾತು: "ತಪ್ಪು ಸೀರೆಯದ್ದಲ್ಲ, ನಿನ್ನ ಬಾಯಿಯದ್ದು."

ಅದು ಆಟಿ ತಿಂಗಳು. ಹೊರಗೆ ಮಳೆ, ಒಳಗೆ ನೊಣವೂ ಇಲ್ಲ. ಮಧ್ಯಾಹ್ನವಾದರೂ ಬೋಣಿಯಾಗಿರಲಿಲ್ಲ. ಆಗ ವೇಣೂರು ಕಡೆಯ ಒಬ್ಬ ಹೆಂಗಸು ಕೊಡೆ ಮಡಚಿ ಒಳಗೆ ಬಂದರು. ನಡುಪ್ರಾಯದವರು, ಒಬ್ಬರೇ. ಎರಡು ಸ್ಟೂಲು ಎಳೆದು ಹತ್ತಿರ ಹತ್ತಿರ ಇಟ್ಟು, ಒಂದರ ಮೇಲೆ ತಾವು ಕೂತರು.

"ಮದುವೆಗೆ ಸೀರೆ ತೋರಿಸು ಮಗಾ."

ಆಟಿಯಲ್ಲಿ ನಮ್ಮ ಕಡೆ ಮದುವೆ ಇಲ್ಲ. ಎಳೆ ಮಕ್ಕಳಿಗೂ ಗೊತ್ತಿರುವ ವಿಷಯ. ಆದರೆ ಬೋಣಿಯಾಗುವ ಸಂತೋಷದಲ್ಲಿ ನನಗೆ ಅದು ಹೊಳೆಯಲೇ ಇಲ್ಲ. ಒಂದರ ಮೇಲೊಂದು ಬಿಡಿಸಿದೆ. ಆಕೆ ಪ್ರತಿಯೊಂದನ್ನೂ ನೋಡಿ, ಪಕ್ಕಕ್ಕೆ ತಿರುಗಿ, ಮತ್ತೆ ನನ್ನ ಕಡೆ ತಿರುಗಿ "ಬೇಡ" ಎನ್ನುತ್ತಿದ್ದರು. ನನಗೆ ತಲೆ ಚಿಟ್ಟು ಹಿಡಿಯಿತು. ಅಂಗಡಿಯವರೆಲ್ಲ ಹೇಳುವ ಮಾತನ್ನೇ ನಾನೂ ಹೇಳಿದೆ.

"ಹುಡುಗಿಯನ್ನೇ ಕರ್ಕೊಂಡು ಬನ್ನಿ ಅಮ್ಮ. ಉಡುವವಳು ನೋಡಿದ್ರೆ ನಿಮಗೂ ಸುಲಭ, ನಮಗೂ ಸುಲಭ."

"ಬಂದಿದ್ದಾಳಲ್ಲ" ಎಂದರು ಆಕೆ, ಪಕ್ಕದ ಖಾಲಿ ಸ್ಟೂಲು ತೋರಿಸಿ. "ಆಗದಿಂದ ಇಲ್ಲೇ ಕೂತಿದ್ದಾಳೆ. ನೀನು ನನಗೇ ತೋರಿಸ್ತಾ ಇದ್ದಿ."

ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು ಹೇಳಬೇಕು. ಎಳವೆಯಲ್ಲಿ ತೀರಿಹೋದ ಮಕ್ಕಳು ನಮ್ಮಲ್ಲಿ ಅಷ್ಟಕ್ಕೇ ನಿಲ್ಲುವುದಿಲ್ಲ, ಕಣ್ಣಿಗೆ ಕಾಣದ ಕಡೆ ಬೆಳೆಯುತ್ತಾ ಹೋಗುತ್ತಾರೆ. ಪ್ರಾಯಕ್ಕೆ ಬಂದಾಗ, ಅದೇ ಜಾತಿಯಲ್ಲಿ ಹಾಗೆಯೇ ತೀರಿಹೋದ ಒಬ್ಬರನ್ನು ಹುಡುಕಿ ಮದುವೆ ಮಾಡಿಸಬೇಕು. ಪ್ರೇತ ಮದುವೆ ಎನ್ನುತ್ತೇವೆ. ಅದಕ್ಕೆ ಆಟಿಯೇ ತಿಂಗಳು.

ಧನಿಗಳು ಗಾದಿಯಿಂದ ಎದ್ದರು. ಅವರು ಎದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ತಾವೇ ಒಳಗೆ ಹೋಗಿ ಬೆಲ್ಲ ನೀರು ತಂದು, ಆಕೆಗೊಂದು ಲೋಟ ಕೊಟ್ಟು, ಇನ್ನೊಂದನ್ನು ಖಾಲಿ ಸ್ಟೂಲಿನ ಎದುರಿಗಿಟ್ಟರು. "ನೋಡು ಮಗಳೇ, ಅವಸರ ಇಲ್ಲ" ಎಂದರು, ಸ್ಟೂಲಿಗೆ. ಆಮೇಲೆ ನನ್ನ ಕಡೆ ತಿರುಗಿ, "ಅವಳಿಗೆ ಕಾಣುವ ಹಾಗೆ ಹಿಡಿ ಮಾರಾಯ" ಎಂದರು.

ನಾನು ಹಿಡಿದೆ. ಹೆದರಿದ್ದರೂ ಮುಖದಲ್ಲಿ ಆ ಹಾಳು ನಗು ಹಾಗೆಯೇ ಇತ್ತು. ತಾಯಿ ತಾವಾಗಿಯೇ ಮಾತಾಡಿದರು. ಹಿರಿಯ ಮಗಳು ಹಲ್ಲು ಬರುವ ಮೊದಲೇ ಹೋದದ್ದು. ಈಗ ಕಿರಿಯವಳಿಗೆ ಬಂದ ಸಂಬಂಧಗಳೆಲ್ಲ ಕೊನೆಯ ಮಾತಿನಲ್ಲಿ ಮುರಿಯುತ್ತಿವೆ. "ಅಕ್ಕ ಹೊಸ್ತಿಲಲ್ಲಿ ಕಾದು ನಿಂತಿರುವಾಗ ತಂಗಿ ಹೇಗೆ ದಾಟುವುದು, ನೀನೇ ಹೇಳು?"

ಒಂದು ಹಸುರು ಸೀರೆ ಬಿಡಿಸಿದಾಗ, ಅದರ ಸೆರಗು ಮೇಜಿನಿಂದ ಜಾರಿ ಖಾಲಿ ಸ್ಟೂಲಿನ ಮೇಲೆ ಬಿತ್ತು. ಗಾಳಿ ಇರಬೇಕು. ಆದರೆ ಅದು ನೆಲಕ್ಕೆ ಜಾರದೆ ಅಲ್ಲೇ ನಿಂತಿತು.

"ಇದು ಆಗಬಹುದಂತೆ" ಎಂದು ತಾಯಿ ಕಣ್ಣೊರೆಸಿಕೊಂಡರು. ಕಟ್ಟಿಕೊಡಲು ಹೋದರೆ ತಡೆದರು. "ಮದುವೆ ಸೀರೆ ತರಬೇಕಾದ್ದು ಗಂಡಿನ ಕಡೆಯವರು. ತೆಗೆದಿಡಿ, ಅವರು ಬಂದು ಒಯ್ತಾರೆ."

"ಗಂಡಿನವರು ಯಾವ ಊರಿನವರು?" ಎಂದು ಧನಿಗಳು ಕೇಳಿದರು.

"ಸಿಗಲಿಲ್ಲ ಇನ್ನೂ" ಎಂದು ಆಕೆ ಕೊಡೆ ಎತ್ತಿಕೊಂಡರು. ಹೊರಡುವ ಮುನ್ನ ನನ್ನ ಜಾತಿ ಕೇಳಿದರು, ಬರಿ ಕೇಳಿದರು. ಬರಿ ಎಂದರೆ ತಾಯಿಯ ಕಡೆಯಿಂದ ಬರುವ, ಗೋತ್ರದಂಥ ಕುಲ, ಒಂದೇ ಬರಿಯವರಿಗೆ ಮದುವೆ ಸಲ್ಲದು. ನಮ್ಮ ಜಾತಿ ಒಂದೇ, ಬರಿ ಬೇರೆ. "ಮನೆಯಲ್ಲಿ ನೀನು ಎಷ್ಟನೆಯವನು?"

"ಮೊದಲನೆಯವನು. ಒಬ್ಬನೇ."

ಆಕೆ ಸ್ಟೂಲಿನ ಕಡೆ ನೋಡಿ, ಮತ್ತೆ ನನ್ನನ್ನು ನೋಡಿದರು. "ಅಲ್ಲವಂತೆ" ಎಂದರು. ಮಳೆಯಲ್ಲಿ ಇಳಿದುಹೋದರು.

ಮುಂದಿನ ರಜೆಗೆ ಮಾಣಿ ಎಂಬ ಊರಿನ ನಮ್ಮ ಮನೆಗೆ ಹೋದಾಗ, ಇದನ್ನೊಂದು ತಮಾಷೆಯೆಂಬಂತೆ ಅಮ್ಮನಿಗೆ ಹೇಳಿದೆ. ಹೆದರಿಕೆಯನ್ನು ಬಿಟ್ಟು, ಉಳಿದದ್ದನ್ನೆಲ್ಲ ಹೇಳಿದೆ. ಅಮ್ಮ ಹಲಸಿನ ಬೀಜ ಸುಲಿಯುತ್ತಿದ್ದರು. "ಅಲ್ಲವಂತೆ" ಎನ್ನುವಲ್ಲಿಗೆ ಬಂದಾಗ ಅವರ ಕೈ ನಿಂತಿತು.

"ನಿನಗಿಂತ ಮೊದಲು ಒಬ್ಬ ಇದ್ದ" ಎಂದರು. "ಜ್ವರ ಬಂದು ಹೋದ. ನೀನು ಹುಟ್ಟಿದ ಮೇಲೆ ಅವನ ಮಾತು ಎತ್ತಬಾರದು ಅಂತ ನಿನ್ನ ಅಪ್ಪ ಹೇಳಿದ್ರು. ಅವರೂ ಹೋದ್ರು, ನಾನು ಎತ್ತಲಿಲ್ಲ. ಯಾರು ಕೇಳಿದ್ರೂ ಒಬ್ಬನೇ ಮಗ, ಒಬ್ಬನೇ ಮಗ ಅಂತ ಹೇಳಿ ಹೇಳಿ… ಅವನಿಗೆ ಕೇಳ್ತದೆ ಅಲ್ವಾ ಮಗಾ?"

ಅಮ್ಮ ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಅಪ್ಪ ತೀರಿದಾಗಲೂ ಅತ್ತಿರಲಿಲ್ಲ. ನನಗೆ ದುಃಖವೂ ಆಯಿತು, ನಾಚಿಕೆಯಾಗುವಂಥ ಹೊಟ್ಟೆಕಿಚ್ಚೂ ಆಯಿತು. ಇಷ್ಟು ವರ್ಷ ಈ ಮನೆಯಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆನಲ್ಲ.

ಸೀರೆ ಒಯ್ಯಲು ಅಮ್ಮನೇ ಬಂದರು. ಧನಿಗಳು ತಾವೇ ಕಟ್ಟಿಕೊಟ್ಟರು. ಅದೇ ಆಟಿಯಲ್ಲಿ ವೇಣೂರಿನ ಮನೆಯಂಗಳದಲ್ಲಿ ಎರಡು ಖಾಲಿ ಕುರ್ಚಿಗಳಿಗೆ ಮದುವೆಯಾಯಿತು. ಒಂದರ ಪಕ್ಕ ತಮ್ಮನೆಂದು ನಾನು ನಿಂತಿದ್ದೆ. ಬೇಸಗೆಯಲ್ಲಿ ಕಿರಿಯವಳ ಮದುವೆಯೂ ಆಯಿತು. ನಂಬುತ್ತೀರಾ ಎಂದು ನನ್ನನ್ನು ಕೇಳಬೇಡಿ. ಅಮ್ಮ ಅಂದಿನಿಂದ ಯಾರ ಎದುರಾದರೂ "ನನಗೆ ಇಬ್ಬರು ಗಂಡುಮಕ್ಕಳು, ದೊಡ್ಡವನಿಗೆ ಮದುವೆಯಾಗಿದೆ" ಎನ್ನುತ್ತಿದ್ದರು, ಅದಷ್ಟು ಸತ್ಯ.

ಆಟಿಯಲ್ಲಿ ನಾವು ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುತ್ತೇವೆ. ಅಮ್ಮ ಅಣ್ಣನಿಗೊಂದು, ಅತ್ತಿಗೆಗೊಂದು ಎಲೆ ಹಾಕುತ್ತಿದ್ದರು. ಕೆಲವು ವರ್ಷ ಕಳೆದ ಮೇಲೆ ಒಂದು ಸಂಜೆ, ಆ ಎರಡರ ನಡುವೆ ಅಂಗೈಯಷ್ಟಗಲದ ಒಂದು ತುಂಡು ಎಲೆ ಕಂಡಿತು.

"ಇದು ಯಾರಿಗಮ್ಮ?"

"ಮದುವೆಯಾಗಿ ಇಷ್ಟು ವರ್ಷ ಆಯ್ತಲ್ಲ" ಎಂದು ಅಮ್ಮ ಪಾಯಸ ಬಡಿಸಿದರು.

ಅಮ್ಮ ಹೋದ ಮೇಲೂ ಮನೆಯಲ್ಲಿ ಹಾಗೆಯೇ ನಡೆದುಬಂದಿದೆ. ಸೊಸೆ ಈ ಮನೆಗೆ ಬಂದ ಮೇಲೆ ಇದು ಮೊದಲ ಆಟಿ. ಎಲೆಯ ಬಳಿ ಇಡಬೇಕಾದ ಆ ಹೊಸ ಸೀರೆಯನ್ನು ತೆಗೆದಿಟ್ಟು, ಬಾಳೆ ಎಲೆ ಕೊಯ್ಯುತ್ತಾ ಕೇಳಿದಳು, "ಮಾವ, ಮೂರನೆಯದು ಸಣ್ಣದು ಸಾಕಲ್ಲ? ಅತ್ತೆ ಹಾಗೇ ಹೇಳಿದ್ರು."

ಹೌದು ಎನ್ನಲು ಬಾಯಿ ತೆರೆದವನು ಲೆಕ್ಕ ಹಾಕಿದೆ. ಅಮ್ಮ ಆ ತುಂಡು ಎಲೆ ಹಾಕಿ ಇಪ್ಪತ್ತು ವರ್ಷ ಮೀರಿದೆ.

"ದೊಡ್ಡದೇ ಹಾಕು ಮಗಳೇ" ಎಂದೆ.

ಅವಳು ನನ್ನ ಮುಖ ನೋಡಿ, ಉದ್ದದ ಎಲೆಯೊಂದನ್ನು ಕೊಯ್ದಳು. ಗಂಡೋ ಹೆಣ್ಣೋ ಅಮ್ಮ ಹೇಳಿರಲಿಲ್ಲ. ಈಗ ಅದಕ್ಕೂ ಪ್ರಾಯ ಬಂದಿದೆ. ಸಂಬಂಧ ನೋಡಬೇಕಾದ ಹಿರಿಯನೆಂದು ಉಳಿದಿರುವುದು ಚಿಕ್ಕಪ್ಪನಾದ ನಾನೊಬ್ಬನೇ.