ಪ್ರಾಂಪ್ಟರನ ಬಾಯಿ

ವಾಚನಾಲಯದ ಈ ಹಲಗೆಯ ಮುಂದೆ ನಿಂತು ಓದುತ್ತಿರುವ ಗೆಳೆಯರೇ, ಇಂದು ಮಾಜಾಳಿಯಲ್ಲಿ ನನಗೆ ಭರ್ಜರಿ ಮಂಗಳಾರತಿ ಆಯಿತು!

ಕಡಲಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರು ವಾರಕ್ಕೊಮ್ಮೆ ಅಲ್ಲಿನ ಶಾಲೆಯ ಜಗಲಿಯಲ್ಲಿ ಕೂತು ಮನಸ್ಸು ಹಗುರ ಮಾಡಿಕೊಳ್ಳುತ್ತಾರೆ. ಇದಕ್ಕೆಂದೇ ಕಾರವಾರದಲ್ಲಿ ಮೂರು ದಿನ ತರಬೇತಿ ಪಡೆದ ನಾನೇ ಆ ಗುಂಪಿನ ಮುಖಂಡ. ಅಲ್ಲಿ ಕೊಟ್ಟ ಸೈಕ್ಲೋಸ್ಟೈಲ್ ಹಾಳೆಯ ಮೊದಲ ಸಾಲು, 'ಮೌನಕ್ಕೆ ಹೆದರಬೇಡಿ.' ಆದರೆ ನಾನು ಇಪ್ಪತ್ತು ವರ್ಷ ಅಂಕೋಲೆಯ ನಾಟಕಗಳಿಗೆ ಪ್ರಾಂಪ್ಟರ್ ಆಗಿ, ನಟರು ಮರೆತ ಮಾತನ್ನು ಪರದೆಯ ಹಿಂದಿನಿಂದ ಎತ್ತಿಕೊಟ್ಟವ. ನನ್ನ ಪಾಲಿಗೆ ಮೌನವೆಂದರೆ ಯಾರೋ ಮಾತು ಮರೆತಿದ್ದಾರೆ ಎಂದೇ ಅರ್ಥ!

ಐದು ವಾರ ತುಟಿ ಬಿಚ್ಚದ ತುಳಸಕ್ಕ (ಹೆಸರು ಬದಲಿಸಿದ್ದೇನೆ) ಇಂದು ಶುರುಮಾಡಿದಳು. "ಅಂವ ಕಡೇ ಸಲ ದೋಣಿ ಹತ್ತಿದ ದಿನ ಬೆಳಿಗ್ಗೆ, ನಾನು..."

ನಿಂತಳು. ಒಂದು ಉಸಿರು. ಎರಡು ಉಸಿರು. ನನಗೆ ತಡೆಯಲಾಗಲಿಲ್ಲ.

"ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ!" ಎಂದು ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಎತ್ತಿಕೊಟ್ಟೆ. ಮಾಡಿನ ಕಾಗೆಗಳು ಹಾರಿದವು.

"ಸುಮ್ಗಿರಿ ಮಾಸ್ತರ್ರೇ! ನಾ ಮರ್ತದ್ದಲ್ಲ. ಹೇಳೂಕೆ ಧೈರ್ಯ ಮಾಡ್ತೇ ಇದ್ದೆ."

ಹೆಗಲ ಟವೆಲನ್ನು ಬಾಯಿಗೆ ತುರುಕಿಕೊಂಡು ಕೂತೆ. ಬಹಳ ಹೊತ್ತಿನ ಮೇಲೆ ಅವಳು ಹೇಳಿದಳು, ಪೂರ್ತಿ ಹೇಳಿದಳು. ಪಕ್ಕದಲ್ಲಿದ್ದ ಮುದುಕಿ ಅವಳ ಕೈ ಹಿಡಿದು, "ನಂದೂ ಹಂಗೇ ಆಗಿತ್ತು, ತಂಗಿ" ಎಂದಳು. ತುಳಸಕ್ಕ ಮೊದಲ ಬಾರಿ ನಮ್ಮೊಂದಿಗೆ ಕೂತು ಚಾ ಕುಡಿದಳು.

ಹೊರಡುವಾಗ ಕೇಳಿದೆ, "ಇದನ್ನ ಹಲಗೆ ಮೇಲೆ ಬರೀಲಾ, ತುಳಸಕ್ಕಾ?"

"ನಿಮ್ಮ ತಪ್ಪು ಎಷ್ಟು ಬೇಕಾದ್ರೂ ಬರೀರಿ. ನನ್ನ ಮಾತು ಇಲ್ಲೇ ಇರ್ಲಿ."

ಹಾಗಾಗಿ ಗೆಳೆಯರೇ, ನನ್ನ ಜೀವಮಾನದಲ್ಲಿ ಕೇಳಿದ ಅತ್ಯುತ್ತಮ ಸಂಭಾಷಣೆ ನನ್ನ ಹೊಟ್ಟೆಯಲ್ಲಿದೆ. ನಿಮಗೆ ಸಿಕ್ಕಿದ್ದು ಪ್ರಾಂಪ್ಟರನ ಸಾಲು ಮಾತ್ರ.