ಕೈ ಮೇಲಿನ ನಾಲ್ಕು ಅಂಕಿ

ಅಕ್ಕನ ಬಲಗಣ್ಣು ಹೋದದ್ದು ಹೇಗೆ ಅಂತ ಯಾರಾದರೂ ಕೇಳಿದರೆ ಆ ಮನೆಯಲ್ಲಿ ಇವತ್ತಿಗೂ ಅಕ್ಕನನ್ನೇ ಬೈಯುತ್ತಾರೆ. ಭಾವ ಬೈಯುತ್ತಾರೆ, ಭಾವನ ತಮ್ಮ ಬೈಯುತ್ತಾನೆ, ಕೊನೆಗೆ ಅಕ್ಕನೇ ಹಣೆ ಚಚ್ಚಿಕೊಂಡು ತನ್ನನ್ನು ತಾನು ಬೈದುಕೊಳ್ಳುತ್ತಾಳೆ. ಒಂದು ಮಾತೂ ಆಡದೆ ಸುಮ್ಮನೆ ಕೂರುವವಳು ತಂಗಿ ಒಬ್ಬಳೇ. ನೋಡಿದವರು, ಎಂಥ ತಾಳ್ಮೆಯ ಹೆಂಗಸಪ್ಪಾ ಅನ್ನುತ್ತಾರೆ. ಹೇಳಬೇಕಾದ್ದು ಆ ತಾಳ್ಮೆಯ ಕಥೆಯನ್ನೇ.

ತಂಗಿಗೆ ಆಫೀಸಿನಲ್ಲಿ ಜರಡಿ ಅಂತ ಅಡ್ಡಹೆಸರು. ಆಸ್ಪತ್ರೆಗಳಿಗೆ ಬುಕಿಂಗ್ ವೆಬ್‌ಸೈಟ್ ಮಾಡಿಕೊಡುವ ಕಂಪನಿ ಅದು. ರೋಗಿ ಮನೆಯಲ್ಲೇ ಕೂತು ಡಾಕ್ಟರನ್ನು ಆರಿಸಿ, ದಿನ ಆರಿಸಿ, ಬಟನ್ ಒತ್ತಿದರೆ ಕೆಲಸ ಆಯಿತು. ಒತ್ತಿದರೆ ನಿಜವಾಗಿಯೂ ಆಗುತ್ತದೆಯೇ ಅಂತ ನೋಡುವುದು ಜರಡಿಯ ಹೊಟ್ಟೆಪಾಡು. ಪ್ರತಿ ಗುರುವಾರ ಬೆಳಿಗ್ಗೆ ವೆಬ್‌ಸೈಟಿಗೆ ಏನಾದರೊಂದು ಬದಲಾವಣೆ ಸೇರುತ್ತಿತ್ತು. ಸೇರಿದ ಕೂಡಲೇ ಇವಳು ರೋಗಿಯ ಹಾಗೆ ಒಳಗೆ ಹೋಗಿ, ಮೊದಲಿನಿಂದ ಕೊನೆಯವರೆಗೆ ಒಂದು ಬುಕಿಂಗ್ ಮಾಡಿ, ಮೆಸೇಜ್ ಹೊರಟಿತೇ ನೋಡಿ, ಆಮೇಲೆ ಅದನ್ನು ಕ್ಯಾನ್ಸಲ್ ಮಾಡಿ ಹೊರಗೆ ಬರುವಳು. ಹನ್ನೊಂದು ವರ್ಷ ಒಂದು ಗುರುವಾರವೂ ತಪ್ಪಿರಲಿಲ್ಲ. ಬೇರೆಯವರ ತಪ್ಪು ಹಿಡಿಯುವಾಗ ಅವಳ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. ಪ್ರೋಗ್ರಾಮರುಗಳು ಅದನ್ನು ಕಂಡರೇ ಉರಿದು ಬೀಳುತ್ತಿದ್ದರು.

ಬುಕಿಂಗಿಗೆ ನಿಜವಾದ ಮನುಷ್ಯರ ಹೆಸರು, ಫೋನ್ ನಂಬರು ಬೇಕು. ಜರಡಿ ಅಕ್ಕನದನ್ನು ಕೊಟ್ಟಿದ್ದಳು. ಅಕ್ಕನದಲ್ಲದೆ ಇನ್ಯಾರದನ್ನು ಕೊಡಬೇಕು? ತಾಯಿ ತೀರಿಕೊಂಡಾಗಿನಿಂದ ಶಾಲೆಯ ಸಮವಸ್ತ್ರ ಹೊಲಿದು ಹೊಲಿದು ತಂಗಿಯನ್ನು ಓದಿಸಿದವಳು ಅಕ್ಕ. ಮದುವೆ ಬೇಡವೆಂದ ತಂಗಿಯನ್ನು ತನ್ನ ಮನೆಯ ಮುಂದಿನ ಕೋಣೆಯಲ್ಲೇ ಇಟ್ಟುಕೊಂಡವಳೂ ಅವಳೇ. ಗುರುವಾರ ಬಂತೆಂದರೆ ಅವಳ ಫೋನು ಎರಡು ಸಲ ಕೂಗುತ್ತಿತ್ತು. ಬುಕ್ ಆಯಿತು ಅಂತ ಒಂದು, ಕ್ಯಾನ್ಸಲ್ ಆಯಿತು ಅಂತ ಇನ್ನೊಂದು.

"ಏನೇ, ಇವತ್ತು ನಂಗೆ ಹೃದಯದ ಕಾಯಿಲೆ ಬಂದು ಎರಡೇ ನಿಮಿಷಕ್ಕೆ ವಾಸಿ ಆಯ್ತಂತೆ?" ಅಂತ ಅಕ್ಕ ಹೊಲಿಗೆ ಯಂತ್ರದ ಮುಂದಿನಿಂದಲೇ ನಗುವಳು.

"ಅವನ್ನ ಓದ್ಲೇಬೇಡ, ಬಂದ ತಕ್ಷಣ ಅಳಿಸಿಬಿಡು. ಬಂದಿದ್ದೂ ಸುಳ್ಳು, ಹೋಗಿದ್ದೂ ಸುಳ್ಳು," ಅನ್ನುವಳು ಜರಡಿ. ಅಳಿಸುವುದು ಹೇಗೆ ಅಂತ ಬೆರಳು ಹಿಡಿದು ಕಲಿಸಿಕೊಟ್ಟವಳೂ ಅವಳೇ.

ಕೆಲಸದಲ್ಲಿ ಅವಳದೇ ಎರಡು ಪದ್ಧತಿಗಳಿದ್ದವು. ನಿಜವಾದ ರೋಗಿಯ ಜಾಗ ಹಾಳಾಗಬಾರದೆಂದು ಯಾವಾಗಲೂ ಪಟ್ಟಿಯಲ್ಲಿರುವ ಅತಿ ದೂರದ ದಿನವನ್ನು ಆರಿಸುವುದು ಒಂದು. ಬುಕ್ ಆದ ಕೂಡಲೇ ಬುಕಿಂಗ್ ನಂಬರಿನ ಕೊನೆಯ ನಾಲ್ಕು ಅಂಕಿಗಳನ್ನು ಎಡಗೈ ಬೆನ್ನಿನ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುವುದು ಇನ್ನೊಂದು. ಅಕ್ಕ ಆಗಾಗ ಹಲ್ಲಿಗೋ ಮಂಡಿಗೋ ಅಂತ ನಿಜವಾಗಿಯೂ ಡಾಕ್ಟರ ಹತ್ತಿರ ಹೋಗುವುದುಂಟಲ್ಲ, ಆಗ ಅವಳ ಹೆಸರಿನಡಿ ಎರಡು ಬುಕಿಂಗ್ ಕಾಣುತ್ತಿದ್ದವು. ಕೈ ನೋಡಿ, ಪರದೆ ನೋಡಿ, ನಂಬರು ತಾಳೆಯಾದ ಮೇಲೆಯೇ ಕ್ಯಾನ್ಸಲ್ ಒತ್ತುವಳು. ಗುರುವಾರ ಸಂಜೆ ಮನೆಗೆ ಬಂದಾಗ ಶಾಯಿ ಅರ್ಧ ಅಳಿಸಿರುತ್ತಿತ್ತು. "ಚಿಕ್ಕ ಮಕ್ಕಳ ಹಾಗೆ ಕೈ ತುಂಬಾ ಗೀಚ್ಕೋತೀಯಲ್ಲೇ," ಅಂತ ಅಕ್ಕ ಸೋಪು ಕೊಡುತ್ತಿದ್ದಳು.

ಹನ್ನೆರಡನೆಯ ವರ್ಷ ಆಟೊಮೇಷನ್ ತಜ್ಞ ಬಂದ. ನಯವಾದ ಮಾತಿನ ಮನುಷ್ಯ, ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತ. ಜರಡಿಯ ಕಂಪ್ಯೂಟರಿಗೆ ಸ್ಕ್ರಿಪ್ಟ್ ಅನ್ನುವ ಅದೇನೋ ಪ್ರೋಗ್ರಾಮ್ ಹಾಕಿದ. ಅವಳು ಎಲ್ಲೆಲ್ಲಿ ಒತ್ತುತ್ತಾಳೋ, ಯಾರ ಹೆಸರು, ನಂಬರು ಹಾಕುತ್ತಾಳೋ ಅದನ್ನೆಲ್ಲ ಬರೆದಿಟ್ಟುಕೊಂಡು, ಆಮೇಲೆ ಅದೇ ಸ್ಕ್ರಿಪ್ಟ್ ಯಾರ ಹಂಗೂ ಇಲ್ಲದೆ ತಾನಾಗಿಯೇ ಒತ್ತುತ್ತದಂತೆ. ಮ್ಯಾನೇಜರ್ ಬೆನ್ನ ಹಿಂದೆ ನಿಂತು, "ಎಲ್ಲಾ ಬಿಚ್ಚಿ ಹೇಳ್ಕೊಡಿ ಮೇಡಂ, ನಿಮ್ಮ ಅನುಭವ ಕಂಪನಿಯಲ್ಲೇ ಉಳೀಬೇಕು," ಅಂದ. ಅನುಭವ ಉಳಿಯಬೇಕು, ಅನುಭವಸ್ಥಳು ಹೋಗಬೇಕು ಅನ್ನುವುದು ಅವಳಿಗೆ ಅರ್ಥವಾಗದೇ ಇರಲಿಲ್ಲ.

ಮೂರನೆಯ ದಿನ ತಜ್ಞ ಕೇಳಿದ: "ಕೈ ಮೇಲೆ ಏನೋ ಬರ್ಕೋತೀರಲ್ಲ ಮೇಡಂ?"

"ಏನಿಲ್ಲ, ಸಂಜೆ ತಗೊಂಡು ಹೋಗ್ಬೇಕಾದ ಸಾಮಾನು," ಅಂದಳು.

ಅಂದಿನಿಂದ ಎಡಗೈ ಮಡಿಲು ಬಿಟ್ಟು ಮೇಲೆ ಬರಲಿಲ್ಲ. ತಜ್ಞ ತನ್ನ ಸ್ಕ್ರಿಪ್ಟಿನಲ್ಲಿ ಕೊನೆಯ ಹೆಜ್ಜೆ ಬರೆದದ್ದನ್ನು ಅವಳು ಕಣ್ಣಾರೆ ಕಂಡಳು: ಪಟ್ಟಿಯ ಮೊದಲ ಸಾಲಿನ ಬುಕಿಂಗ್ ಕ್ಯಾನ್ಸಲ್ ಮಾಡು. ಪಟ್ಟಿ ದಿನಾಂಕದ ಪ್ರಕಾರ ನಿಲ್ಲುತ್ತದೆ, ಹತ್ತಿರದ ದಿನ ಮೇಲೆ. ಅಕ್ಕನ ನಿಜವಾದ ಬುಕಿಂಗ್ ಇದ್ದರೆ ಅದೇ ಮೊದಲನೆಯದು, ಸುಳ್ಳಿನದು ಎರಡನೆಯದು. ಹನ್ನೊಂದು ವರ್ಷದಲ್ಲಿ ಅವಳು ಹಿಡಿದ ತಪ್ಪುಗಳಲ್ಲೆಲ್ಲ ದೊಡ್ಡದು ಇದು. ಹಿಡಿದಳು, ಬಾಯಿಬಿಡಲಿಲ್ಲ. ಇವತ್ತಲ್ಲ ನಾಳೆ ಮುಗ್ಗರಿಸಲಿ, ಹಲ್ಲು ಮುರಿದುಕೊಳ್ಳಲಿ, ಆಗ ನನ್ನ ಬಾಗಿಲಿಗೇ ಬರುತ್ತಾರೆ ಅಂದುಕೊಂಡಳು. ಅಕ್ಕನಿಗೆ ಆಗ ನೆಗಡಿಯೂ ಇರಲಿಲ್ಲ. ಹಾಗೆ ಅಂದುಕೊಂಡಾಗ ಹೊಟ್ಟೆಯಲ್ಲಿ ತಣ್ಣಗಾಯಿತು ಅನ್ನುವುದನ್ನೂ ಮುಚ್ಚಿಡಬೇಕಾಗಿಲ್ಲ.

ಸ್ಕ್ರಿಪ್ಟಿಗೆ ಆಫೀಸಿನವರು ಜರಡಿ ಅಂತಲೇ ಹೆಸರಿಟ್ಟರು. ಚಪ್ಪಾಳೆ ತಟ್ಟಿದರು. ಗುರುವಾರ ಎಲ್ಲರಿಗೂ ಮೇಲ್ ಬಂತು: ಜರಡಿ, ಎಲ್ಲಾ ಪಾಸ್, ಎರಡು ನಿಮಿಷ. ಪಕ್ಕದಲ್ಲಿ ಹಸಿರು ಗುರುತು. ಅದಾಗಿ ತಿಂಗಳಿಗೆ ಅವಳ ಕುರ್ಚಿ ಪ್ರಿಂಟರಿನ ಪಕ್ಕಕ್ಕೆ ಹೋಯಿತು, ಇನ್ನೊಂದು ತಿಂಗಳಿಗೆ ಅವಳು ಮನೆಗೆ ಹೋದಳು. ಅವಳು ಹೋಗುವ ದಿನವೂ ಗುರುವಾರವೇ, ಬೀಳ್ಕೊಡುಗೆಯ ಭಾಷಣದ ನಡುವೆ ಮ್ಯಾನೇಜರ್ ಫೋನ್ ಎತ್ತಿ ತೋರಿಸಿದ, "ನೋಡಿ, ಜರಡಿ ಇವತ್ತೂ ಪಾಸ್!" ಎಲ್ಲರೂ ನಕ್ಕರು, ಅವಳೂ ಹಲ್ಲು ಕಿರಿದಳು.

ಜರಡಿ ಮನೆಯಲ್ಲಿ ಕೂತು ನಾಲ್ಕು ತಿಂಗಳಾದ ಮೇಲೆ ಅಕ್ಕ ಸೂಜಿಗೆ ದಾರ ಪೋಣಿಸಲಾರದೆ ಕಣ್ಣುಜ್ಜತೊಡಗಿದಳು. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುತ್ತಿದೆ ಅಂದರು ಡಾಕ್ಟರ್. ಎರಡು ವಾರದೊಳಗೆ ಆಪರೇಷನ್ ಆದರೆ ಬಲಗಣ್ಣು ಉಳಿಯುತ್ತದೆ, ತಡವಾದರೆ ನಾನು ಹೊಣೆಯಲ್ಲ ಅಂತ ಖಡಾಖಂಡಿತ ಹೇಳಿದರು. ಆ ಆಸ್ಪತ್ರೆಗೂ ಬುಕಿಂಗ್ ಅದೇ ವೆಬ್‌ಸೈಟಿನಲ್ಲಿ. ಜರಡಿ ಮಂಗಳವಾರ ಅಕ್ಕನ ಮಂಚದ ಮೇಲೆ ಕೂತು ಪಟಪಟನೆ ಒತ್ತಿ ಮುಂದಿನ ಸೋಮವಾರಕ್ಕೆ ಜಾಗ ಹಿಡಿದುಕೊಟ್ಟಳು. "ನೋಡಿದ್ಯಾ, ಬೇರೆಯವರಾಗಿದ್ರೆ ಅರ್ಧ ದಿನ ಒದ್ದಾಡ್ತಿದ್ರು," ಅಂತ ಜಂಬ ಬೇರೆ. ಎರಡೇ ದಿನಕ್ಕೆ ಗುರುವಾರ ಅನ್ನುವುದು ತಲೆಗೆ ಹೊಳೆಯಲಿಲ್ಲ. ಕೆಲಸ ಹೋದವರಿಗೆ ವಾರಗಳ ಲೆಕ್ಕ ತಪ್ಪುತ್ತದೆ.

ಶನಿವಾರ ಮ್ಯಾನೇಜರ್ ಫೋನ್ ಮಾಡಿದ. ತಜ್ಞ ಬೇರೆ ಕಂಪನಿಗೆ ಹಾರಿದ್ದಾನೆ, ಸ್ಕ್ರಿಪ್ಟ್ ನೋಡಿಕೊಳ್ಳಲು ಗೊತ್ತಿದ್ದವರು ಬೇಕು, ಬುಧವಾರದಿಂದ ಬನ್ನಿ ಅಂದ. "ಅದ್ರಲ್ಲಿ ಏನೂ ಲೋಪ ಇಲ್ಲ ತಾನೆ? ಮಾಡೋವಾಗ ಪಕ್ಕದಲ್ಲೇ ಇದ್ದಿದ್ದು ನೀವು."

"ಕೂದಲೆಳೆಯಷ್ಟೂ ಇಲ್ಲ ಸರ್," ಅಂದಳು. ಫೋನಿಟ್ಟು ಅಕ್ಕನನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತಳು. ಅಕ್ಕನೂ ಆ ನೋಯುವ ಕಣ್ಣಿನಲ್ಲೇ ಅತ್ತಳು.

ಸೋಮವಾರ ಅಕ್ಕ ಬರೀ ಹೊಟ್ಟೆಯಲ್ಲಿ, ಬಟ್ಟೆಯ ಚೀಲ ಎದೆಗವಚಿಕೊಂಡು ಆಸ್ಪತ್ರೆಯ ಕೌಂಟರಿನ ಮುಂದೆ ನಿಂತಳು, ಪಕ್ಕದಲ್ಲಿ ತಂಗಿ. ಕೌಂಟರಿನಾಕೆ ಪರದೆ ಮೇಲೆ ಕೆಳಗೆ ಮಾಡಿ ನೋಡಿದಳು.

"ಇವತ್ತಿಗೆ ನಿಮ್ಮ ಹೆಸರಿಲ್ಲಮ್ಮ. ಗುರುವಾರ ಬೆಳಿಗ್ಗೆ ಏಳೂಕಾಲಿಗೆ ಕ್ಯಾನ್ಸಲ್ ಆಗಿದೆ. ಅದಕ್ಕೆ ಸ್ವಲ್ಪ ಮುಂಚೆ, ಒಂಬತ್ತು ವಾರ ಆದ್ಮೇಲಿನ ದಿನಕ್ಕೆ ನಮ್ಮಲ್ಲೇ ಇನ್ನೊಂದು ಬುಕ್ ಆಗಿದೆ. ನೀವೇ ಮುಂದಕ್ಕೆ ಹಾಕ್ಕೊಂಡಿದೀರ. ಮೆಸೇಜ್ ಬರ್ಲಿಲ್ವಾ?"

"ಬಂತು, ಎರಡು ಬಂತು. ಅವು ಯಾವಾಗ್ಲೂ ಬರ್ತಿರ್ತವೆ," ಅಂದು ಅಕ್ಕ ತಂಗಿಯ ಕಡೆ ತಿರುಗಿದಳು. "ಅವು ಸುಳ್ಳು ಮೆಸೇಜ್ ಅಲ್ವೇನೇ?"

ಜರಡಿಗೆ ಎಲ್ಲವೂ ಒಂದೇ ಏಟಿಗೆ ಗೊತ್ತಾಯಿತು. ಗೊತ್ತಾಗದೇ ಇರುವುದು ಹೇಗೆ, ತಪ್ಪು ಹಿಡಿಯುವುದೇ ಅವಳ ಕಸುಬು.

ಕೌಂಟರಿನಾಕೆ ಕೆಟ್ಟವಳಲ್ಲ. ಅಕ್ಕನ ಕೆಂಪಾದ ಕಣ್ಣು ನೋಡಿ ದನಿ ತಗ್ಗಿಸಿದಳು. "ನೋಡಿ, ವೆಬ್‌ಸೈಟಿಂದೇ ತಪ್ಪು ಅಂತಾದ್ರೆ ಈಗ್ಲೇ ಹೇಳಿ. ನಾನು ಕಂಪನಿಗೆ ಫೋನ್ ಮಾಡ್ಸಿ ವಿಚಾರಿಸ್ತೀನಿ, ಇವತ್ತೇ ಹೇಗಾದ್ರೂ ಒಳಗೆ ಸೇರಿಸ್ತಾರೆ. ನೀವೇ ಒತ್ತಿದ್ದಾದ್ರೆ ನನ್ನ ಕೈಲಿ ಏನೂ ಇಲ್ಲ, ಆ ದಿನಾನೇ ಬರ್ಬೇಕು."

"ಹೇಳೇ, ನಿಂಗೆ ಗೊತ್ತಿರುತ್ತಲ್ಲ," ಅಂದಳು ಅಕ್ಕ.

ಹೇಳಿದರೆ ಫೋನ್ ಹೋಗುವುದು ಆ ಮ್ಯಾನೇಜರಿಗೇ. ಕೂದಲೆಳೆಯಷ್ಟೂ ಇಲ್ಲ ಅಂದು ಎರಡು ದಿನವೂ ಆಗಿಲ್ಲ. ಪಕ್ಕದಲ್ಲಿ ಕೂತು ನೋಡುತ್ತಾ ಸುಮ್ಮನಿದ್ದದ್ದು ಯಾಕೆ ಅಂತ ಕೇಳುತ್ತಾರೆ. ಮತ್ತೆ ಮನೆ, ಮತ್ತೆ ಆ ಮುಂದಿನ ಕೋಣೆ. ಬುಧವಾರ ಹೋದ ಕೂಡಲೇ ಆ ಒಂದು ಸಾಲು ಸರಿಮಾಡಿದರೆ ಹುಳುಕು ಯಾರಿಗೂ ಕಾಣದು. ಒಂಬತ್ತು ವಾರ ಏನು ಮಹಾ, ಡಾಕ್ಟರುಗಳು ಹೆದರಿಸುವುದು ಇದ್ದದ್ದೇ. ಇಷ್ಟೆಲ್ಲ ಯೋಚಿಸಲು ಅವಳಿಗೆ ಹಿಡಿದದ್ದು ಕೌಂಟರಿನಾಕೆ ಪೆನ್ನಿನ ಮುಚ್ಚಳ ತೆಗೆಯುವಷ್ಟು ಹೊತ್ತು.

"ವೆಬ್‌ಸೈಟಲ್ಲಿ ಹಾಗಾಗಲ್ಲ ಅಕ್ಕ," ಅಂದಳು. "ಮೆಸೇಜ್ ಅಳಿಸೋಕೆ ಹೋಗಿ ನೀನೇ ಏನೋ ಒತ್ತಿರ್ತೀಯ. ಕಣ್ಣು ಬೇರೆ ಮಂಜು."

ಅಕ್ಕ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಆಮೇಲೆ ಕೌಂಟರಿನಾಕೆಗೆ, ತಪ್ಪು ಮಾಡಿದವರು ಕ್ಷಮೆ ಕೇಳುವ ದನಿಯಲ್ಲಿ ಹೇಳಿದಳು: "ಹೌದಮ್ಮ, ನಾನೇ ಒತ್ತಿರ್ಬೇಕು. ಇವಳು ಹನ್ನೊಂದು ವರ್ಷ ಇದನ್ನೇ ನೋಡ್ಕೊಂಡಿದ್ದವಳು, ಇವಳಿಗೆ ಗೊತ್ತಿರುತ್ತೆ. ಬುಧವಾರದಿಂದ ಮತ್ತೆ ಕರ್ದಿದಾರೆ ಇವಳನ್ನ."

"ಹಾಗಿದ್ರೆ ಈ ನಂಬರ್ ಬರ್ಕೊಳ್ಳಿ, ಆ ದಿನ ಇದನ್ನ ಹೇಳ್ಬೇಕು," ಅಂದಳು ಕೌಂಟರಿನಾಕೆ.

ಅಕ್ಕ ಚೀಲದಲ್ಲಿ ಕಾಗದಕ್ಕಾಗಿ ತಡಕಾಡಿದಳು, ಸಿಗಲಿಲ್ಲ. ತಂಗಿಯ ಎಡಗೈ ಹಿಡಿದು ಕೌಂಟರಿನ ಮೇಲೆ ಚಾಚಿಸಿ, ಪೆನ್ನನ್ನು ಅವಳ ಬಲಗೈಗೆ ಕೊಟ್ಟಳು.

"ನೀನೇ ಬರ್ಕೊಳ್ಳೇ. ನೀನು ಬರ್ಕೊಂಡ್ರೆ ತಪ್ಪಾಗಲ್ಲ."

ಜರಡಿ ಕೊನೆಯ ನಾಲ್ಕು ಅಂಕಿಗಳನ್ನು ಬರೆದುಕೊಂಡಳು. ಅಕ್ಕ ಬಗ್ಗಿ, ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ಅವನ್ನು ಓದಲು ನೋಡಿದಳು, ಆಗಲಿಲ್ಲ.